ಹಳೇ ಜೀಪಿನ ದಮ್ಮು

ಸಕಲೇಶಪುರದ ಕಡೆ ಹಳೇ ಕಾಫಿ ತೋಟಗಳ ಶೆಡ್ಡು ಹೊಕ್ಕರೆ ಈಗಲೂ ಮಹೀಂದ್ರ ಎಂಎಂ 540 ಕಣ್ಣಿಗೆ ಬೀಳುತ್ತದೆ. 2,112 ಸಿಸಿಯ ಪೂಜೋ ಡೀಸೆಲ್ ಎಂಜಿನ್, ಹೊಸದರಲ್ಲೇ ಸುಮಾರು 62 ಅಶ್ವಶಕ್ತಿ. ಟರ್ಬೊ ಗಿರ್ಬೊ ಏನೂ ಇಲ್ಲ. ನಮ್ಮಲ್ಲಿರುವುದೂ ಅದೇ. ಗೊಬ್ಬರದ ಮೂಟೆ ಹೇರಿಕೊಂಡು ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಅದು ಫಸ್ಟ್ ಕೇಳತೊಡಗಿದಾಗ ಕಂಡವರೆಲ್ಲ ಸಲಹೆ ಕೊಟ್ಟರು: ಎಂಜಿನ್ನೇ ಬದಲಾಯಿಸಿ, ಟರ್ಬೊ ಕೂರಿಸಿ, ಪಂಪಿನ ಸ್ಕ್ರೂ ತಿರುಗಿಸಿ.

ನಮ್ಮ ಮೆಕ್ಯಾನಿಕ್ ಮಾತ್ರ, “ಸಾರ್, ಇರೋ ಪವರ್ ಎಲ್ಲಿ ಹೋಯ್ತು ಅಂತ ಮೊದ್ಲು ನೋಡಣ, ಹೊಸದು ಆಮೇಲೆ” ಅಂದ.

ಗೇರು ನ್ಯೂಟ್ರಲ್ ಮಾಡಿ, ಒಂದೊಂದೇ ಚಕ್ರಕ್ಕೆ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದ. ಹಿಂದಿನ ಎಡಚಕ್ರ ಅರ್ಧ ಸುತ್ತಿಗೇ ನಿಂತಿತು. ಡ್ರಮ್ ಬಿಚ್ಚಿದರೆ ಒಳಗೆ ಒಣಗಿದ ಕೆಸರು, ತುಕ್ಕು ಹಿಡಿದು ಜಾಮಾದ ವ್ಹೀಲ್ ಸಿಲಿಂಡರ್. ಬ್ರೇಕ್ ಪೂರ್ತಿ ಬಿಡುತ್ತಲೇ ಇರಲಿಲ್ಲ. ಇರುವ ಅಷ್ಟಿಷ್ಟು ಶಕ್ತಿಯಲ್ಲಿ ಒಂದು ಪಾಲು ಡ್ರಮ್ಮು ಕಾಯಿಸಲಿಕ್ಕೇ ಹೋಗುತ್ತಿತ್ತು. ಏರ್ ಫಿಲ್ಟರಿನ ತಳದ ಬಟ್ಟಲಲ್ಲಿದ್ದ ಆಯಿಲ್ ಧೂಳು ಕುಡಿದು ಹಲ್ವದಂತೆ ಗಟ್ಟಿಯಾಗಿತ್ತು. ಮಾರ್ಚ್ ತಿಂಗಳ ತೋಟದ ರಸ್ತೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಟ್ಟಲು ತೊಳೆದು, ಹೊಸ ಆಯಿಲನ್ನು ಗೆರೆಯ ಮಟ್ಟಕ್ಕೆ ಹಾಕಿ, ಟ್ಯಾಪೆಟ್ ಸೆಟ್ ಮಾಡಿ, ನಾಝಲ್‌ಗಳನ್ನು ಟೆಸ್ಟಿಗೆ ಕಳಿಸಿದೆವು. ಇಷ್ಟಕ್ಕೇ ಆ ಏರಿಗೆ ಸೆಕೆಂಡ್ ಗೇರು ಮತ್ತೆ ಸಾಕಾಯಿತು.

ಪಂಪಿನ ಸ್ಕ್ರೂ ವಿಷಯದಲ್ಲಿ ನಾನು ಈಗ ಸ್ವಲ್ಪ ಜಗಳಗಂಟ. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿಯಿದೆ. ಆ ಗಾಳಿಯಲ್ಲಿ ಉರಿಯಲಾರದಷ್ಟು ಡೀಸೆಲ್ ಸುರಿದರೆ ಹಿಂದೆ ಕಪ್ಪು ಹೊಗೆ, ಒಳಗೆ ಮಿತಿಮೀರಿದ ಕಾವು. ಹೊಗೆ ನೋಡಿ ‘ಪವರ್ ಬಂತು’ ಎನ್ನುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ.

ದೊಡ್ಡ ಟೈರಿನದೂ ಅಂಥದ್ದೇ ಮೋಹ. ಮೂಲದ 6.00-16 ಟೈರಿನ ಎತ್ತರ 29 ಇಂಚಿನ ಆಸುಪಾಸು. 31 ಇಂಚಿನದು ಹಾಕಿದರೆ ಗೇರಿಂಗ್ ಶೇ 7ರಷ್ಟು ಎತ್ತರವಾದಂತೆ. ಏರಿನಲ್ಲಿ ಎಳೆತ ಅಷ್ಟೇ ಕಡಿಮೆ, ಸ್ಪೀಡೋಮೀಟರೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ನೋಡಲು ಚಂದ, ಒಪ್ಪುತ್ತೇನೆ. ಆದರೆ ಆಕ್ಸಲ್ಲಿನ ಕ್ರೌನ್ ಪಿನಿಯನ್ ಬದಲಿಸದೆ 62 ಅಶ್ವಶಕ್ತಿಗೆ ಆ ಭಾರ ಹೊರಿಸಬಾರದು. ಕೆಸರಿಗೆ ಕಾಸು ಖರ್ಚಿಲ್ಲದ ಉಪಾಯ ಟೈರಿನ ಗಾಳಿ ಇಳಿಸುವುದು. ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಟಾರ್ ರಸ್ತೆ ಸೇರುವ ಮುಂಚೆ ಮತ್ತೆ ತುಂಬಿಸಲೇಬೇಕು, ಹಾಗಾಗಿ ಸೀಟಿನಡಿ ಒಂದು ಪಂಪು ಇರಲಿ.

ಲೋ ಗೇರನ್ನು ಚಕ್ರ ಹೂತುಹೋದ ಮೇಲಷ್ಟೇ ನೆನೆಯುವ ಡ್ರೈವರುಗಳೇ ಹೆಚ್ಚು. ಜಾರುವ ಏರು ಕಂಡಾಗಲೇ ಫೋರ್ ವ್ಹೀಲ್ ಲೋ ಹಾಕಿಕೊಂಡರೆ ಕ್ಲಚ್ಚು ಸುಡುವುದಿಲ್ಲ. ಒಣಗಿದ ಟಾರಿನ ಮೇಲೆ ಮಾತ್ರ ಫೋರ್ ವ್ಹೀಲ್ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಈ ಜೀಪಿನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಎರಡೂ ಬಿಗಿದುಕೊಂಡು ಸ್ಟೀರಿಂಗ್ ಒರಟಾಗುತ್ತದೆ, ಲಿವರು ಈಚೆ ಬರುವುದಿಲ್ಲ.

ಎಂಜಿನ್ ಬದಲಾಯಿಸುವ ಮಾತನ್ನು ಮಗ ಇನ್ನೂ ಬಿಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು, ಆರ್‌ಟಿಒ ಒಪ್ಪಿಗೆ ತಂದು, ಆ ಹೊಸ ವೇಗ ತಡೆಯುವ ಬ್ರೇಕಿಗೂ ಅವನೇ ದುಡ್ಡು ಹೊಂದಿಸಲಿ ಅಂದಿದ್ದೇನೆ.