ಬತ್ತಿ ನಮ್ಮದು, ಟೀವಿ ಅವರದು

ಮನೆಯಲ್ಲೇ ಮೇಣದಬತ್ತಿ ಮಾಡಿ ಮಾರುವ ಹಾಸನ ಜಿಲ್ಲೆಯ ಓದುಗರ ಪತ್ರಗಳಿಗೆ ವಿಮಾ ಸಲಹೆಗಾರರ ಉತ್ತರ

ಹೊಳೆನರಸೀಪುರದ ಗೃಹಿಣಿ: ಗಾಜಿನ ಲೋಟಕ್ಕೆ ಮೇಣ ಹುಯ್ದು, ಮೇಲೆ ಒಣಗಿದ ಗುಲಾಬಿ ದಳ ಉದುರಿಸಿ ವಾಟ್ಸಾಪಿನಲ್ಲಿ ಮಾರುತ್ತೇನೆ. ಹೋದ ದೀಪಾವಳಿಗೆ ತೆಗೆದುಕೊಂಡವರೊಬ್ಬರು ಟೀವಿ ಸ್ಟ್ಯಾಂಡಿನ ಮೇಲೆ ಹಚ್ಚಿಟ್ಟಿದ್ದರಂತೆ. ಲೋಟ ಸೀಳಿ ಬೆಂಕಿ ಹತ್ತಿತು, ಟೀವಿ ಹೋಯಿತು, ದುಡ್ಡು ಕೊಡಿ ಅನ್ನುತ್ತಿದ್ದಾರೆ. ನಾನೇನು ಕಂಪನಿಯೇ? ಮುನ್ನೂರು ರೂಪಾಯಿಯ ಬತ್ತಿ ಮಾರಿದವಳು. ಕೊಡಲೇಬೇಕೇ? ಮನೆ ಸಾಲಕ್ಕೆ ಬ್ಯಾಂಕಿನವರು ಮಾಡಿಸಿದ ವಿಮೆ ಇದಕ್ಕೆ ಬರುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ, ಬರುವುದಿಲ್ಲ. ಆ ವಿಮೆ ನಿಮ್ಮ ಮನೆ ಸುಟ್ಟರೆ ಮಾತ್ರ. ಸುಟ್ಟಿರುವುದು ಅವರ ಟೀವಿ. ಬೈಕಿಗೆ ಥರ್ಡ್ ಪಾರ್ಟಿ ಕಟ್ಟುತ್ತೀರಲ್ಲ, ಅದೇ ಜಾತಿಯ ಪಾಲಿಸಿ ಸರಕಿಗೂ ಇದೆ. ಪ್ರಾಡಕ್ಟ್ ಲಯಬಿಲಿಟಿ ಅನ್ನುತ್ತಾರೆ. ನೀವು ಮಾರಿದ ವಸ್ತುವಿನಿಂದ ಬೇರೆಯವರ ಮೈಗೋ ಆಸ್ತಿಗೋ ಹಾನಿಯಾಗಿ ನೀವು ಪರಿಹಾರ ಕೊಡಬೇಕಾಗಿ ಬಂದರೆ ಅದನ್ನು ಕಂಪನಿ ಕಟ್ಟಿಕೊಡುತ್ತದೆ. ಬೈಕಿನದು ಕಡ್ಡಾಯ, ಇದು ಕಡ್ಡಾಯವಲ್ಲ. ಹಾಗಾಗಿ ನಿಮ್ಮಂಥ ಸಣ್ಣ ವ್ಯಾಪಾರದವರು ಅದರ ಹೆಸರನ್ನೂ ಕೇಳಿರುವುದಿಲ್ಲ. ಈಗ ಓಡಿಹೋಗಿ ಮಾಡಿಸಿದರೂ ಆಗಿಹೋದ ಈ ಘಟನೆಗೆ ನಯಾಪೈಸೆ ಬರದು.

ಇನ್ನು, ಕೊಡಬೇಕೇ ಎಂಬುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ತಯಾರಕರೆಂದರೆ ಕಾರ್ಖಾನೆಯವರಷ್ಟೇ ಅಲ್ಲ, ಅಡುಗೆಮನೆಯಲ್ಲಿ ಮೇಣ ಕರಗಿಸಿದವರೂ ಹೌದು. ತಯಾರಿಕೆಯಲ್ಲೋ ವಿನ್ಯಾಸದಲ್ಲೋ ದೋಷವಿದ್ದರೆ, ಬಳಸುವ ಬಗೆಯನ್ನೂ ಎಚ್ಚರಿಕೆಯನ್ನೂ ಸರಿಯಾಗಿ ತಿಳಿಸದಿದ್ದರೆ, ಹೊಣೆ ಅವರ ಮೇಲೆ ಬರುತ್ತದೆ. ಎಲ್ಲರಿಗೂ ಗೊತ್ತಿರುವ ಅಪಾಯವನ್ನು ಬರೆದಿಲ್ಲವೆಂದು ಯಾರೂ ಹಿಡಿಯುವಂತಿಲ್ಲ. ಬೆಂಕಿ ಸುಡುತ್ತದೆ ಎಂದು ನೀವು ಬರೆಯಬೇಕಿಲ್ಲ. ಗಾಜು ಸೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತೇ? ವಾದ ನಡೆಯುವುದು ಅಲ್ಲೇ.

ಜಗಳಕ್ಕೆ ಮೊದಲು ಆ ಒಡೆದ ಲೋಟದ ಫೋಟೋ ತರಿಸಿಕೊಳ್ಳಿ. ಮೇಣ ಪೂರ್ತಿ ಮುಗಿದು ತಳ ಕರ್ರಗಾಗಿದ್ದರೆ ಕೊನೆಯವರೆಗೂ ಉರಿಸಿದ್ದಾರೆ ಎಂದರ್ಥ. ತಳದಲ್ಲಿ ಅರ್ಧ ಇಂಚು ಮೇಣ ಉಳಿದಾಗಲೇ ಆರಿಸಬೇಕಿತ್ತು. ಆದರೆ ಅದನ್ನು ನೀವು ಲೇಬಲ್ಲಿನಲ್ಲಿ ಹಾಕಿದ್ದಿರಾ? ಮೇಣ ಅರ್ಧಕ್ಕರ್ಧ ಉಳಿದಿದ್ದು, ಗಾಜಿನ ಒಂದು ಮಗ್ಗುಲಲ್ಲಿ ಮಾತ್ರ ಮಸಿ ಕಟ್ಟಿದ್ದರೆ ನನಗೆ ಅನುಮಾನ ನಿಮ್ಮ ಗುಲಾಬಿ ದಳದ ಮೇಲೆ. ಒಣ ದಳ ಕರಗಿದ ಮೇಣವನ್ನು ಹೀರಿಕೊಂಡು ತೇಲುತ್ತದೆ. ಅದಕ್ಕೆ ಉರಿ ತಾಕಿದರೆ ಅದೇ ಇನ್ನೊಂದು ಬತ್ತಿ. ಅಂಚಿಗೆ ಅಂಟಿಕೊಂಡು ಉರಿದು ಗಾಜನ್ನು ಒಂದೇ ಕಡೆ ಕಾಯಿಸುತ್ತದೆ, ಲೋಟ ಟಪ್ಪೆಂದು ಸೀಳುತ್ತದೆ. ಹಾಗಾಗಿದ್ದರೆ ಕೊಂಡವರು ಅಡ್ಡಾದಿಡ್ಡಿ ಬಳಸಿದರು ಎಂದು ಹೇಳಲು ನಿಮಗೆ ಬಾಯಿರುವುದಿಲ್ಲ. ದಳ ಹಾಕಿದ ಉಳಿದ ಲೋಟಗಳನ್ನು ಇವತ್ತೇ ಮಾರಾಟದಿಂದ ತೆಗೆಯಿರಿ.

ಅವರು ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶವಿದೆ. ಕೊಂಡ ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ನಿಮ್ಮ ಬತ್ತಿ ಆ ಮಿತಿಯೊಳಗೇ ಇದೆ! ಕೂತು ಮಾತಾಡಿ ಬಗೆಹರಿಸಿಕೊಳ್ಳುವುದಾದರೆ ಹಳೆಯ ಟೀವಿಗೆ ಹೊಸದರ ಬೆಲೆ ಒಪ್ಪಬೇಡಿ. ಹಣ ಕೊಟ್ಟಮೇಲೆ ಇನ್ನೇನೂ ಬಾಕಿಯಿಲ್ಲವೆಂದು ಬರೆಸಿ ಸಹಿ ಹಾಕಿಸಿಕೊಳ್ಳಿ.

ಅರಕಲಗೂಡಿನ ಸ್ವಸಹಾಯ ಸಂಘದವರು: ನಾವು ಹತ್ತು ಜನ ಒಬ್ಬರ ಮನೆಯಲ್ಲಿ ಸೇರಿ ಬತ್ತಿ ಮಾಡುತ್ತೇವೆ. ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮಾಡಿಸಿ, ಎಲ್ಲಾ ಬರುತ್ತದೆ ಅಂತ ಏಜೆಂಟರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಆ 'ಎಲ್ಲಾ' ಎಂಬ ಪದವನ್ನು ಪಾಲಿಸಿಯಲ್ಲಿ ತೋರಿಸಿ ಅನ್ನಿ. ಪಾಲಿಸಿ ಒಳ್ಳೆಯದೇ. ಒಂದು ಜಾಗದಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಯಿರುವ ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ತಂದದ್ದು. ಬೆಂಕಿಗೋ ಸಿಡಿಲಿಗೋ ನೆರೆಗೋ ನಿಮ್ಮ ಮೇಣ, ಅಚ್ಚು, ಮಾಡಿಟ್ಟ ಬತ್ತಿ ಹೋದರೆ ಹಣ ಬರುತ್ತದೆ. ಕೊಂಡವರ ಕೈ ಸುಟ್ಟರೆ ಬರುವುದಿಲ್ಲ. ಅದಕ್ಕೆ ಲಯಬಿಲಿಟಿ ಪಾಲಿಸಿಯನ್ನು ಬಾಯಿಬಿಟ್ಟು ಬೇರೆಯಾಗಿ ಕೇಳಬೇಕು. ಮನೆಯವರು ಭಾರತ್ ಗೃಹ ರಕ್ಷಾ ಮಾಡಿಸಿದ್ದರೆ ಅದನ್ನು ನಂಬಿ ಕೂರಬೇಡಿ, ವ್ಯಾಪಾರದ ದಾಸ್ತಾನು ಅದರಲ್ಲಿ ಸೇರದು.

ಮನೆ ಒಬ್ಬರದು, ಸರಕು ಸಂಘದ್ದು. ಆದ್ದರಿಂದ ಅರ್ಜಿಯಲ್ಲಿ ಸಂಘದ ಹೆಸರು, ಆ ಮನೆಯ ವಿಳಾಸ, 'ಮೇಣದಬತ್ತಿ ತಯಾರಿಕೆ' ಎಂಬ ಮಾತು ಮೂರೂ ಇರಲಿ. ಬರೀ 'ಕರಕುಶಲ' ಎಂದು ಬರೆದು ನಾಲ್ಕು ಕಾಸು ಉಳಿಸಿದರೆ, ಬೆಂಕಿ ಬಿದ್ದಮೇಲೆ ಸರ್ವೇಯರ್ ಬಂದು ಮೊದಲು ಕೇಳುವುದೇ ಅದನ್ನು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೇಣ ಕರಗಿಸುವುದು ಮನೆಯ 14.2 ಕಿಲೋ ಸಿಲಿಂಡರಿನಲ್ಲಾದರೆ ಅದು ನಿಯಮಬಾಹಿರ. ವ್ಯಾಪಾರಕ್ಕೆ 19 ಕಿಲೋದ್ದು. ಗ್ಯಾಸಿಗೆ ತೈಲ ಕಂಪನಿಯವರದೇ ವಿಮೆ ಇದೆಯಲ್ಲ ಅನ್ನಬಹುದು. ಅದು ಅಪಘಾತಕ್ಕೆ ಗ್ಯಾಸೇ ಮೂಲವಾದಾಗ ಮಾತ್ರ, ಪಾತ್ರೆಯ ಮೇಣ ಕಾದು ಹೊತ್ತಿಕೊಂಡಾಗಲ್ಲ. ಪ್ಯಾರಾಫಿನ್ ಮೇಣ 60 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ನೇರ ಉರಿಗೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಹೊತ್ತಿಕೊಂಡರೆ ನೀರು ಎರಚಬೇಡಿ, ಒಲೆ ಆರಿಸಿ ಮುಚ್ಚಳ ಮುಚ್ಚಿ.

ಹಾಸನದ ಓದುಗರು: ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ ಮಳಿಗೆ ಹಾಕುತ್ತೇನೆ. ಪ್ರಾಡಕ್ಟ್ ಲಯಬಿಲಿಟಿಗೆ ಪ್ರೀಮಿಯಂ ಎಷ್ಟಾದೀತು?

ಉತ್ತರ: ಇದಕ್ಕೆ ಬೋರ್ಡಿಗೆ ಬರೆದು ಹಾಕಿದ ದರವಿಲ್ಲ. ವರ್ಷದ ವಹಿವಾಟು ಎಷ್ಟು, ಎಲ್ಲಿ ಮಾರುತ್ತೀರಿ, ಎಷ್ಟು ಮೊತ್ತಕ್ಕೆ ರಕ್ಷಣೆ ಬೇಕು ಎಂಬುದರ ಮೇಲೆ ಹೋಗುತ್ತದೆ. ಮೇಲೆ ಶೇಕಡಾ 18 ಜಿಎಸ್‌ಟಿ. ರಕ್ಷಣೆಯ ಮೊತ್ತ ಎರಡು ಅಂಕಿಯಲ್ಲಿರುತ್ತದೆ: ಒಂದು ಅಪಘಾತಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಸಣ್ಣ ಪಾಲಿಸಿಯೆಂದು ಶಾಖೆಯವರು ಮುಖ ಸಿಂಡರಿಸಿದರೆ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾದಂಥ ಸರ್ಕಾರಿ ಕಂಪನಿಗಳ ವಿಭಾಗೀಯ ಕಚೇರಿಗೆ ಬರವಣಿಗೆಯಲ್ಲೇ ಕೇಳಿ. ಮಳಿಗೆಯಲ್ಲಿ ಮಾದರಿಗೆ ಹಚ್ಚಿಟ್ಟ ಬತ್ತಿ ಯಾರದೋ ಸೆರಗಿಗೆ ತಗುಲಿದರೆ ಅದು ಮಾರಿದ ಸರಕಲ್ಲ; ಅದಕ್ಕೆ ಪಬ್ಲಿಕ್ ಲಯಬಿಲಿಟಿ ಬೇಕು.

ಏಜೆಂಟರು ಸಾಮಾನ್ಯವಾಗಿ ಬಿಡಿಸಿ ಹೇಳದ ಒಂದು ವಿಷಯ. ಈ ಪಾಲಿಸಿಗಳು ಸಾಧಾರಣವಾಗಿ ಮಾರಿದ ದಿನವನ್ನು ನೋಡುವುದಿಲ್ಲ, ಪರಿಹಾರ ಕೇಳಿ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ ಎಂದು ನೋಡುತ್ತವೆ. ದೀಪಾವಳಿಗೆ ಮಾರಿದ ಬತ್ತಿಯನ್ನು ಯಾರೋ ಮರುವರ್ಷದ ದೀಪಾವಳಿಗೆ ಹಚ್ಚುತ್ತಾರೆ. ನಡುವೆ ಪಾಲಿಸಿ ಬಿಟ್ಟಿದ್ದರೆ ಕಟ್ಟಿದ್ದೆಲ್ಲ ನೀರುಪಾಲು. ಕ್ಲೇಮಿನಲ್ಲಿ ತಕರಾರಾದರೆ ಮೊದಲು ಕಂಪನಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅತಿಸಣ್ಣ ಉದ್ಯಮದವರಿಗೂ ಅಲ್ಲಿ ಬಾಗಿಲು ತೆರೆದಿದೆ.

ಚನ್ನರಾಯಪಟ್ಟಣದ ಅಂಗಡಿಯವರು: ಊರ ಹೆಣ್ಣುಮಕ್ಕಳು ಮಾಡಿದ ಬತ್ತಿ ಇಟ್ಟು ಮಾರುತ್ತೇನೆ. ನನಗೂ ಹೊಣೆ ಉಂಟೇ? ಅಮೆರಿಕದಲ್ಲಿರುವ ಅಣ್ಣನ ಮಗಳು ಅಲ್ಲಿಯ ಕನ್ನಡ ಸಂಘದಲ್ಲಿ ಮಾರಲು ಇನ್ನೂರು ಬತ್ತಿ ಕೇಳಿದ್ದಾಳೆ, ಕಳಿಸಲೇ?

ಉತ್ತರ: ಮಾಡಿದವರು ಯಾರೆಂದು ಗೊತ್ತಾಗದಿದ್ದರೆ, ಅಥವಾ ಅವರಿಗೆ ನೋಟಿಸ್ ಮುಟ್ಟಿಸಲು ಆಗದಿದ್ದರೆ, ಕಾನೂನು ನಿಮ್ಮನ್ನೇ ಹಿಡಿಯುತ್ತದೆ. ಹೆಸರು, ವಿಳಾಸ, ತಯಾರಿಸಿದ ತಿಂಗಳು ಇಲ್ಲದ ಬತ್ತಿಯನ್ನು ಕಪಾಟಿಗೆ ಸೇರಿಸಬೇಡಿ. ಭಾರತದೊಳಗಿನ ಮಾರಾಟಕ್ಕೆ ಮಾಡಿಸಿದ ಪಾಲಿಸಿ ಅಮೆರಿಕದಲ್ಲಿ ನಡೆಯದು, ಅಲ್ಲಿಗೆ ದರವೇ ಬೇರೆ. ಮಾರಲು ಬೇಡ. ಅವಳ ಮನೆಯಲ್ಲಿ ಹಚ್ಚಲು ನಾಲ್ಕು ಕಳಿಸಿ. ಗುಲಾಬಿ ದಳದ್ದು ಬಿಟ್ಟು.