ಮನೆಯಲ್ಲೊಂದು ಲೇತ್ ಕೂರಿಸುವ ಮುನ್ನ

ಮಷಿನ್ ಶಾಪ್ ಲ್ಯಾಬ್‌ನಲ್ಲಿ ನಾವೆಲ್ಲ ಲೇತ್ ಓಡಿಸಿದ್ದೇವೆ. ಫೇಸಿಂಗ್, ಸ್ಟೆಪ್ ಟರ್ನಿಂಗ್, ನರ್ಲಿಂಗ್, ಥ್ರೆಡ್ ಕಟಿಂಗ್ ಎಲ್ಲ ಮಾಡಿ, ರೆಕಾರ್ಡ್‌ಗೆ ಸೈನ್ ಹಾಕಿಸಿಕೊಂಡು ಹೊರಗೆ ಬಂದಿದ್ದೇವೆ. ಆದರೆ ಆ ಲೇತನ್ನು ಅಲ್ಲಿ ಹೇಗೆ ಕೂರಿಸಿದರು ಅನ್ನೋದನ್ನು ನೋಡಿದವರು ಕಡಿಮೆ. ನಾವು ಹೋಗುವ ಹೊತ್ತಿಗೆ ಅದು ನೆಲಕ್ಕೆ ಬೋಲ್ಟ್ ಆಗಿ ಎಷ್ಟೋ ವರ್ಷ ಆಗಿರುತ್ತೆ. ಹಾಗಾಗಿ ಮನೆಯ ಶೆಡ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಲೇತ್ ಬಂತು ಅಂದರೆ ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಗೊತ್ತಾಗಲ್ಲ.

ಹಳೇ ಲೇತ್‌ಗಳಿಗೆ ನಮ್ಮ ರಾಜ್ಯದಲ್ಲಿ ಬರವಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ, ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಶುರುವಾದವು. ಎರಡೂ ಲೇತ್‌ಗಳಿಗೆ ಹೆಸರಾದ ಕಂಪನಿಗಳು. ರಾಜ್‌ಕೋಟ್, ಬಟಾಲಾ ಕಡೆಯ ಹಗುರ ಮಷಿನ್‌ಗಳೂ ಸಿಗುತ್ತವೆ. ಯಾವುದನ್ನೇ ತಂದರೂ ಇಳಿಸುವಾಗ ಒಂದು ವಿಷಯ ನೆನಪಿರಲಿ. ಲೇತ್‌ನ ಭಾರವೆಲ್ಲ ಹೆಡ್‌ಸ್ಟಾಕ್ ಕಡೆ ಇರುತ್ತೆ, ಅದೂ ಎತ್ತರದಲ್ಲಿ. ಕಾಲುಗಳ ಅಗಲ ಕಡಿಮೆ, ಹಾಗಾಗಿ ಸ್ವಲ್ಪ ವಾಲಿದರೂ ಉರುಳುತ್ತೆ. ಎತ್ತುವ ಮೊದಲು ಕ್ಯಾರೇಜನ್ನೂ ಟೈಲ್‌ಸ್ಟಾಕನ್ನೂ ಬಲತುದಿಗೆ ತಳ್ಳಿ ಲಾಕ್ ಮಾಡಿ. ಲೀಡ್ ಸ್ಕ್ರೂಗೆ ಹಗ್ಗ ಹಾಕಿ ಎತ್ತಬೇಡಿ. ಅದು ಒಮ್ಮೆ ಬಗ್ಗಿದರೆ ಥ್ರೆಡ್ ಕಟಿಂಗ್ ಆಸೆ ಬಿಟ್ಟಂತೆ. ಉರುಳುತ್ತಿರುವ ಮಷಿನ್ನನ್ನು ಹಿಡಿಯೋಕೆ ಯಾರೂ ಕೈ ಕೊಡಬಾರದು; ಕೆಲವು ನೂರು ಕೆಜಿಯ ಎರಕದ ಕಬ್ಬಿಣ ಯಾರ ಕೈಗೂ ನಿಲ್ಲಲ್ಲ.

ಜಾಗ ನೆಲಮಹಡಿಯಲ್ಲಿರಲಿ, ಕಾಂಕ್ರೀಟ್ ಮೇಲಿರಲಿ. ಟೈಲ್ಸ್ ಮೇಲೆ ಬೇಡ, ಅದರ ಕೆಳಗೆ ಎಷ್ಟೋ ಕಡೆ ಟೊಳ್ಳಿರುತ್ತೆ.

ಕರೆಂಟಿನ ವಿಷಯಕ್ಕೆ ಬಂದರೆ, ಬಹುತೇಕ ಮನೆಗಳಲ್ಲಿ ಸಿಂಗಲ್ ಫೇಸ್, ಹಳೇ ಲೇತ್‌ನಲ್ಲಿ ಮಾತ್ರ ತ್ರೀ ಫೇಸ್ ಮೋಟರ್. ಮೋಟರನ್ನು 230 ವೋಲ್ಟ್ ಡೆಲ್ಟಾ ಕನೆಕ್ಷನ್‌ಗೆ ಬದಲಿಸಬಹುದು ಅಂತ ನೇಮ್‌ಪ್ಲೇಟ್ ಹೇಳಿದರೆ, ಸಿಂಗಲ್ ಫೇಸ್ ಇನ್‌ಪುಟ್‌ನ ವಿಎಫ್‌ಡಿ ಹಾಕಬಹುದು. ಇಲ್ಲವಾದರೆ ಸಿಂಗಲ್ ಫೇಸ್ ಮೋಟರ್ ಕೂರಿಸೋದೇ ಸಲೀಸು. ಅರ್ಥಿಂಗ್ ಕಡ್ಡಾಯ. ಇಲ್ಲಿ ನಾನು ಹಟ ಹಿಡಿಯೋದು ಇನ್ನೊಂದಕ್ಕೆ: ಸಾದಾ ಆನ್-ಆಫ್ ಸ್ವಿಚ್ ಬೇಡ. ಕೆಲಸದ ಮಧ್ಯೆ ಕರೆಂಟ್ ಹೋಗುತ್ತೆ. ನೀವು ಚಕ್ ಕೀ ಹಾಕಿ ಜಾಬ್ ಬಿಚ್ಚುತ್ತಿರುತ್ತೀರಿ. ಸ್ವಿಚ್ ಆನ್‌ನಲ್ಲೇ ಇದೆ ಅನ್ನೋದು ಮರೆತಿರುತ್ತೆ. ಅಷ್ಟರಲ್ಲಿ ಕರೆಂಟ್ ಬರುತ್ತೆ. ಪುಶ್ ಬಟನ್ ಇರುವ ಕಾಂಟ್ಯಾಕ್ಟರ್ ಸ್ಟಾರ್ಟರ್ ಆದರೆ ಕರೆಂಟ್ ಹೋದ ಕ್ಷಣ ಕಳಚಿಕೊಳ್ಳುತ್ತೆ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಓಡಲ್ಲ. ಸಡಿಲ ತೋಳು, ಕೈಗೆ ಕಟ್ಟಿದ ದಾರ, ಗ್ಲೌಸ್ ಯಾವುದೂ ಬೇಡ ಅನ್ನೋದನ್ನು ಲ್ಯಾಬ್‌ನಲ್ಲೇ ಕೇಳಿದ್ದೀರಿ. ಆಯುಧಪೂಜೆಯ ಮಾರನೇ ದಿನ ಚಕ್ ಮೇಲಿನ ಹೂವಿನ ಹಾರ ತೆಗೆದಾಗಿದೆಯಾ ಅಂತಲೂ ನೋಡಿ.

ಈಗ ಮುಖ್ಯ ವಿಷಯ. ಲೇತನ್ನು 'ಲೆವೆಲ್' ಮಾಡಬೇಕು ಅಂತ ಎಲ್ಲರೂ ಹೇಳ್ತಾರೆ. ಯಾಕೆ ಅಂತ ಕೇಳಿ ನೋಡಿ, ಹೆಚ್ಚಿನವರ ಹತ್ತಿರ ಉತ್ತರ ಇರಲ್ಲ. ಹಡಗಿನ ವರ್ಕ್‌ಶಾಪ್‌ನಲ್ಲೂ ಲೇತ್ ಇರುತ್ತೆ. ನೆಲವೇ ಓಲಾಡುವ ಜಾಗದಲ್ಲಿ ಮಟ್ಟ ಎಲ್ಲಿಂದ ಬರಬೇಕು? ಆದರೂ ಅಲ್ಲಿ ಶಾಫ್ಟ್ ನೆಟ್ಟಗೆ ಬರುತ್ತೆ. ನಮಗೆ ಬೇಕಾದದ್ದು ಬೆಡ್‌ನಲ್ಲಿ ತಿರುಚು ಇಲ್ಲದಿರೋದು. ರಸಮಟ್ಟ ಅದನ್ನು ಹಿಡಿಯೋಕೆ ಇರುವ ಒಂದು ಸಾಧನ, ಅಷ್ಟೇ.

ಏರುಪೇರಾದ ನೆಲದ ಮೇಲೆ ಮಂಚ ಇಟ್ಟರೆ ಒಂದು ಕಾಲು ಎದ್ದು ನಿಲ್ಲುತ್ತೆ. ಲೇತ್‌ಗೂ ಹಾಗೇ ಆಗುತ್ತೆ. ಆದರೆ ನಾವು ಬೋಲ್ಟ್ ಬಿಗಿದು ಆ ಕಾಲನ್ನು ಎಳೆದು ಕೂರಿಸಿಬಿಡ್ತೀವಿ. ಆಗ ಬೆಡ್ಡೇ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ಎರಕದ ಕಬ್ಬಿಣ ಅಷ್ಟು ಸುಲಭಕ್ಕೆ ಬಗ್ಗುತ್ತಾ ಅಂದರೆ, ಲೆಕ್ಕ ಹಾಕೋಣ. ಒಂದು ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಮುಂದಿನ, ಹಿಂದಿನ ಕಾಲುಗಳ ಅಂತರ 200 ಮಿ.ಮೀ., ಬೆಡ್‌ನಿಂದ ಸೆಂಟರ್ ಎತ್ತರ 150 ಮಿ.ಮೀ. ಅಂದುಕೊಳ್ಳಿ. ಟೈಲ್‌ಸ್ಟಾಕ್ ಕಡೆಯ ಒಂದು ಕಾಲು ಒಂದು ಹಾಳೆಯಷ್ಟು ತಗ್ಗಿ, ಅದೆಲ್ಲ ತಿರುಚಾಗಿ ಬದಲಾದರೆ, ಆ ತುದಿಯಲ್ಲಿ ಟೂಲ್ 0.1 ÷ 200 × 150 = 0.075 ಮಿ.ಮೀ. ಸರಿಯುತ್ತೆ. ವ್ಯಾಸದಲ್ಲಿ ಅದರ ಎರಡರಷ್ಟು, ಅಂದರೆ 0.15 ಮಿ.ಮೀ. ಬೆಡ್‌ನ ಪೂರ್ತಿ ಉದ್ದಕ್ಕೆ ಇಷ್ಟು ಟೇಪರ್. 25 ಮಿ.ಮೀ. ಒಳವ್ಯಾಸದ 6205 ಬೇರಿಂಗ್ ಕೂರುವ ಶಾಫ್ಟ್‌ಗೆ ಎಚ್6 ಟಾಲರೆನ್ಸ್ ಹಾಕಿದರೆ ನಮಗೆ ಸಿಗುವ ಸಡಿಲ ಬರೀ 0.013 ಮಿ.ಮೀ. ಒಂದು ಹಾಳೆಯ ಬೆಲೆ ಎಷ್ಟು ಅಂತ ಈಗ ಗೊತ್ತಾಗುತ್ತೆ.

ಆದ್ದರಿಂದ ಮೊದಲು ಬೋಲ್ಟ್ ಬಿಗಿಯಬೇಡಿ. ಮಷಿನ್ನನ್ನು ಸುಮ್ಮನೆ ಇಟ್ಟು, ಯಾವ ಕಾಲಿನ ಕೆಳಗೆ ಸಂದಿ ಇದೆ ಅಂತ ಫೀಲರ್ ಗೇಜ್ ತೂರಿಸಿ ನೋಡಿ. ಅಷ್ಟೇ ದಪ್ಪದ ಹಿತ್ತಾಳೆ ಅಥವಾ ಸ್ಟೀಲ್ ಶಿಮ್ ಕೊಡಿ. ರಟ್ಟು, ಮರದ ಚೂರು ದಿನ ಕಳೆದಂತೆ ಅಮುಕಿಕೊಳ್ಳುತ್ತವೆ. ಆಮೇಲೆ ಮಷಿನ್ ರಸಮಟ್ಟವನ್ನು ಕ್ರಾಸ್ ಸ್ಲೈಡ್ ಮೇಲೆ ಬೆಡ್‌ಗೆ ಅಡ್ಡವಾಗಿ ಇಟ್ಟು, ಕ್ಯಾರೇಜನ್ನು ಹೆಡ್‌ಸ್ಟಾಕ್‌ನಿಂದ ಬಲತುದಿಯವರೆಗೆ ಓಡಿಸಿ. ಗುಳ್ಳೆ ಮಧ್ಯದಲ್ಲೇ ಇರಬೇಕಂತಿಲ್ಲ, ಇದ್ದ ಜಾಗದಿಂದ ಕದಲಬಾರದು. ಗಾರೆ ಮೇಸ್ತ್ರಿಯ ರಸಮಟ್ಟ ಇದಕ್ಕೆ ಸಾಲದು, ಮೀಟರಿಗೆ 0.02 ಮಿ.ಮೀ. ತೋರಿಸುವಂಥದ್ದು ಬೇಕು. ಅದು ದುಬಾರಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನಾನು ಒಳ್ಳೇ ಮೈಕ್ರೋಮೀಟರನ್ನೇ ಮೊದಲು ತಗೊಳ್ಳಿ ಅಂತೀನಿ, ಯಾಕಂದರೆ ಕೊನೆಯ ತೀರ್ಪು ಕೊಡೋದು ಅದೇ.

ಆ ತೀರ್ಪಿನ ಪರೀಕ್ಷೆ ಹೀಗೆ. 40 ಮಿ.ಮೀ.ನ ಒಂದು ರಾಡನ್ನು ಚಕ್‌ನಿಂದ 150 ಮಿ.ಮೀ. ಹೊರಗೆ ಬರುವಂತೆ ಹಿಡಿಯಿರಿ. ಟೈಲ್‌ಸ್ಟಾಕ್ ಆಸರೆ ಬೇಡ. ಎರಡು ತುದಿಯಲ್ಲಿ ಒಂದೊಂದು ಪಟ್ಟಿ ಬಿಟ್ಟು ನಡುಭಾಗವನ್ನು ಒಂದೆರಡು ಮಿ.ಮೀ. ತಗ್ಗಿಸಿ. ಚೂಪಾದ ಟೂಲ್‌ನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಪಟ್ಟಿಗಳ ಮೇಲೆ ತೆಳು ಕಟ್ ಹಾಕಿ, ಎರಡರ ವ್ಯಾಸವನ್ನೂ ಅಳೆಯಿರಿ.

ಇಷ್ಟು ದಪ್ಪ ರಾಡ್ ಯಾಕೆ? ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್‌ನ ಕ್ಯಾಂಟಿಲಿವರ್ ಸೂತ್ರ ಪರೀಕ್ಷೆ ಮುಗಿದ ಮೇಲೂ ಕೆಲಸಕ್ಕೆ ಬರುವ ಜಾಗ ಇದು. ಟೂಲ್ 20 ನ್ಯೂಟನ್ ಒತ್ತಿದರೆ 25 ಮಿ.ಮೀ. ಸ್ಟೀಲ್ ರಾಡ್‌ನ ತುದಿ ಸುಮಾರು 0.006 ಮಿ.ಮೀ. ಬಾಗುತ್ತೆ, ವ್ಯಾಸದಲ್ಲಿ 0.012. ಬೆಡ್ ಸರಿಯಾಗಿದ್ದರೂ ಟೇಪರ್ ಇದೆ ಅನ್ನಿಸುತ್ತೆ. ಬಾಗೋದು ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ ಆದ್ದರಿಂದ 40 ಮಿ.ಮೀ. ರಾಡ್‌ನಲ್ಲಿ ಅದು 0.001ಕ್ಕಿಂತ ಕಡಿಮೆ.

ಹೊರತುದಿಯ ಪಟ್ಟಿ ದಪ್ಪ ಬಂದರೆ, ಅಲ್ಲಿ ಟೂಲ್ ನಿಮ್ಮ ಕಡೆಗೆ ಸರಿದಿದೆ ಅಂತ ಅರ್ಥ. ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲಿಗೆ, ಅಂದರೆ ನೀವು ನಿಂತಿರುವ ಬದಿಯ ಕಾಲಿಗೆ, ತೆಳು ಶಿಮ್ ಹಾಕಿ. ಬೆಡ್ ಹಿಂದಕ್ಕೆ ವಾಲಿ ಟೂಲ್ ಜಾಬ್ ಕಡೆ ಹೋಗುತ್ತೆ. ಹೊರತುದಿ ಸಣ್ಣ ಬಂದರೆ ಹಿಂದಿನ ಕಾಲಿಗೆ ಹಾಕಿ. ಬೋಲ್ಟ್ ಬಿಗಿದು ಮತ್ತೆ ಕಟ್, ಮತ್ತೆ ಅಳತೆ. ನಾಲ್ಕೈದು ಸುತ್ತು ಹಿಡಿಯುತ್ತೆ, ಬೇಜಾರಾಗಬೇಡಿ. ಚಕ್ ಹತ್ತಿರ ಬೆಡ್ ಸವೆದಿರುವ ಹಳೇ ಮಷಿನ್‌ನಲ್ಲಿ ಶಿಮ್ ಎಲ್ಲವನ್ನೂ ಸರಿ ಮಾಡಲ್ಲ. ಬೆರಳಾಡಿಸಿದರೆ ಮೆಟ್ಟಿಲು ಸಿಗುವಷ್ಟು ಸವೆತ ಇದ್ದರೆ ಅಂಥದ್ದನ್ನು ಕೊಳ್ಳದಿರೋದೇ ವಾಸಿ.

ಇದೆಲ್ಲ ಆದ ಮೇಲಷ್ಟೇ ಟೈಲ್‌ಸ್ಟಾಕ್ ಮುಟ್ಟಬೇಕು. ಎಷ್ಟೋ ಜನ ಸೆಂಟರ್‌ಗಳ ನಡುವೆ ಟೇಪರ್ ಬಂದ ಕೂಡಲೇ ಟೈಲ್‌ಸ್ಟಾಕ್ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ತಾರೆ. ಆ ಒಂದು ಉದ್ದದ ಜಾಬ್‌ಗೆ ಅದು ಸರಿಹೋಗುತ್ತೆ, ಬೇರೆ ಉದ್ದಕ್ಕೆ ಹೋದರೆ ಟೇಪರ್ ವಾಪಸ್ ಬರುತ್ತೆ, ಚಕ್‌ನಲ್ಲಿ ಬರೀ ಹಿಡಿದರಂತೂ ಪೂರ್ತಿ ಬರುತ್ತೆ. ಎರಡು ಪಟ್ಟಿಯ ಆ ರಾಡನ್ನು ಎಸೆಯಬೇಡಿ, ಎಣ್ಣೆ ಸವರಿ ಎತ್ತಿಡಿ. ಹದಿನೈದು ದಿನ ಬಿಟ್ಟು, ಶಿಮ್‌ಗಳು ಕೂತ ಮೇಲೆ ಅದನ್ನೇ ಮತ್ತೆ ಚಕ್‌ಗೆ ಹಾಕಿ, ಇನ್ನೊಂದು ತೆಳು ಕಟ್ ಹಾಕಿ ಅಳೆಯಬೇಕಾಗುತ್ತೆ.