ಬಿಯರ್ ಕುದಿಸುವ ಒಲೆ: ಉಷ್ಣದ ಒಂದು ಲೆಕ್ಕ

ಇಂಗ್ಲೆಂಡು, ಅಮೇರಿಕಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವುದು ಅನೇಕರಿಗೆ ಬಿಡುವಿನ ವೇಳೆಯ ಹವ್ಯಾಸ. ಇಂಗ್ಲೆಂಡಿನಲ್ಲಿ ಇದಕ್ಕೆ ಬೇಕಾಗಿದ್ದ ಲೈಸೆನ್ಸನ್ನು 1963ರಲ್ಲಿ ತೆಗೆದುಹಾಕಿದರು. ಅಮೇರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಮಾಡಿದ ಕಾಯಿದೆಯು ಸ್ವಂತ ಬಳಕೆಯ ಬಿಯರಿಗೆ ಕೇಂದ್ರ ಸರ್ಕಾರದ ತೆರಿಗೆಯನ್ನು ಬಿಟ್ಟುಕೊಟ್ಟಿತು. ನಮ್ಮ ವಾಚಕರಲ್ಲಿ ಕೆಲವರ ಮಕ್ಕಳು ಆ ದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿಗೆ ಹೋದಾಗ ನೆರೆಮನೆಯ ಹಿತ್ತಲಲ್ಲಿ ಇಂಥ ಒಲೆಯೊಂದನ್ನು ಕಂಡುಬಂದವರೂ ಇರಬಹುದು. ನಮ್ಮ ದೇಶದ ಮಾತು ಬೇರೆ. ಕರ್ನಾಟಕದ 1965ರ ಅಬಕಾರಿ ಕಾಯಿದೆಯಾಗಲಿ, ಮಹಾರಾಷ್ಟ್ರದ 1949ರ ಪಾನನಿಷೇಧ ಕಾಯಿದೆಯಾಗಲಿ ಲೈಸೆನ್ಸಿಲ್ಲದೆ ಮದ್ಯ ತಯಾರಿಸಲು ಬಿಡುವುದಿಲ್ಲ. ಆದುದರಿಂದ ಬಿಯರ್ ಮಾಡಲು ಕಲಿಸುವುದು ಈ ಪಾಠದ ಉದ್ದೇಶವಲ್ಲ. ಆ ಹವ್ಯಾಸಿಗಳು ಒಲೆಯನ್ನು ಆರಿಸುವ ರೀತಿಯಲ್ಲಿ ಉಷ್ಣದ ಒಂದು ಅಚ್ಚುಕಟ್ಟಾದ ಲೆಕ್ಕವಿದೆ. ದೊಡ್ಡ ಪಾತ್ರೆಯಲ್ಲಿ ಅಡಿಗೆ ಮಾಡುವವರೆಲ್ಲರಿಗೂ ಅದು ಬೇಕಾದದ್ದು. ಅದನ್ನು ಇಲ್ಲಿ ವಿಚಾರಿಸೋಣ.

ಕುದಿಸುವುದು ಏಕೆ?

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ನುಚ್ಚು ಮಾಡಿ, ಸುಮಾರು 65ರಿಂದ 68 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಅದರ ಪಿಷ್ಟವು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಸೋಸಿ ತೆಗೆದ ಈ ಸಿಹಿ ರಸವನ್ನು ಹಾಪ್ಸ್ ಎಂಬ ಹೂವಿನೊಡನೆ ಸುಮಾರು ಒಂದು ಗಂಟೆ ಕುದಿಸುತ್ತಾರೆ. ಕುದಿತದಿಂದ ರಸದಲ್ಲಿನ ಕ್ರಿಮಿಗಳು ಸಾಯುತ್ತವೆ, ಹಾಪ್ಸಿನ ಕಹಿ ಬಿಡುತ್ತದೆ, ಪ್ರೋಟೀನು ಹೆಪ್ಪುಗಟ್ಟಿ ತಳಕ್ಕೆ ಇಳಿಯುತ್ತದೆ, ಬೇಡದ ವಾಸನೆಗಳು ಆವಿಯೊಡನೆ ಹೊರಟುಹೋಗುತ್ತವೆ. ಆದ್ದರಿಂದ ಮುಚ್ಚಳವನ್ನು ತೆಗೆದಿಟ್ಟು ಕೊತಕೊತನೆ ಕುದಿಸಬೇಕು. ಸಣ್ಣಗೆ ಕಾದರೆ ಸಾಲದು.

ಲೆಕ್ಕ

ಒಂದು ಲೀಟರು ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಉಷ್ಣ ಬೇಕು. ಹವ್ಯಾಸಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ 5 ಅಮೇರಿಕನ್ ಗ್ಯಾಲನ್, ಎಂದರೆ ಸುಮಾರು 19 ಲೀಟರು, ಬಿಯರ್ ಮಾಡುತ್ತಾರೆ. ಆವಿಯಾಗುವುದು, ಮಡ್ಡಿಯಲ್ಲಿ ಉಳಿಯುವುದು ಎಲ್ಲ ಸೇರಿ ಮೊದಲಿಗೆ 25 ಲೀಟರು ಬೇಕೆನ್ನಿ. 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಬೇಕಾದರೆ 25ನ್ನು 80ರಿಂದ ಗುಣಿಸಿರಿ: 2,000 ಕಿಲೋಕ್ಯಾಲರಿ.

ಅಮೇರಿಕದ ಒಲೆಗಳ ಶಕ್ತಿಯನ್ನು ಬಿ.ಟಿ.ಯು. ಎಂಬ ಮಾನದಲ್ಲಿ ಬರೆದಿರುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಕ್ಯಾಲರಿ ದೊರೆಯುತ್ತದೆ. ಅಡಿಗೆಮನೆಯ ಬರ್ನರು ಗಂಟೆಗೆ 10,000 ಬಿ.ಟಿ.ಯು.ವಿನದೆಂದರೆ 2,500 ಕಿಲೋಕ್ಯಾಲರಿ. ಅದೆಲ್ಲವೂ ಪಾತ್ರೆಗೆ ಸೇರುವುದಿಲ್ಲ. ನೂರಕ್ಕೆ ನಲವತ್ತು ಪಾಲು ಸೇರಿತೆಂದು ಹಿಡಿದರೆ 1,000. ಎಂದರೆ ನಮ್ಮ 25 ಲೀಟರು ಕುದಿಯಲು ಎರಡು ಗಂಟೆ ಬೇಕು. ಹಿತ್ತಲಲ್ಲಿಡುವ ಪ್ರೊಪೇನ್ ಬರ್ನರು 60,000 ಬಿ.ಟಿ.ಯು.ವಿನದಾದರೆ ಇದೇ ಲೆಕ್ಕದಂತೆ 6,000 ಕಿಲೋಕ್ಯಾಲರಿ ಪಾತ್ರೆಗೆ ಸೇರಿ, ಇಪ್ಪತ್ತೇ ನಿಮಿಷ ಸಾಕು. ನೀರಿನಲ್ಲಿ ಮುಳುಗುವ 5,500 ವಾಟಿನ ವಿದ್ಯುತ್ ಕಾಯ್ಲಿಗೆ ಹಿಡಿಯುವುದು ಸುಮಾರು ಇಪ್ಪತ್ತೈದು ನಿಮಿಷ, ಏಕೆಂದರೆ ಅದರ ಉಷ್ಣ ಹೊರಗೆ ಪೋಲಾಗುವುದಿಲ್ಲ. ಆದರೆ ಅದಕ್ಕೆ 240 ವೋಲ್ಟಿನ ಪ್ರತ್ಯೇಕ ತಂತಿಯೂ, ವಿದ್ಯುತ್ ಸೋರಿದ ಕ್ಷಣ ಪ್ರವಾಹವನ್ನು ಕಡಿಯುವ ಸಾಧನವೂ ಇರಲೇಬೇಕು.

ಇನ್ನೊಂದು ಮಾತು. 100 ಡಿಗ್ರಿ ಮುಟ್ಟಿದ ಮೇಲೆ ಒಂದು ಲೀಟರು ಆವಿಯಾಗಲು 540 ಕಿಲೋಕ್ಯಾಲರಿ ಹೋಗುತ್ತದೆ. ಗಂಟೆಗೆ 4 ಲೀಟರು ಆವಿಯಾಗುವ ಒಳ್ಳೆಯ ಕುದಿತಕ್ಕೆ 2,160 ಬೇಕು. ಅಡಿಗೆಮನೆಯ ಒಲೆ ಕೊಡುವುದು 1,000. ತೆರೆದ ದೊಡ್ಡ ಪಾತ್ರೆಯನ್ನು ಅದು ಕುದಿಸಲು ಏಗಲಾರದು. ದೊಡ್ಡ ಬರ್ನರಿಗಾದರೋ ಅದು ತನ್ನ ಶಕ್ತಿಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಆದ್ದರಿಂದ ಕೊಳ್ಳುವಾಗ ಉರಿ ಎಷ್ಟು ದೊಡ್ಡದಾಗುತ್ತದೆ ಎಂಬುದರ ಜೊತೆಗೆ, ಎಷ್ಟು ಸಣ್ಣದಾಗಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು.

ಪಾತ್ರೆ ಮತ್ತು ಒಲೆಯ ಸ್ಥಾಪನೆ

25 ಲೀಟರಿಗೆ 25 ಲೀಟರಿನ ಪಾತ್ರೆ ಆಗದು. ಕುದಿ ಬಂದೊಡನೆ ಪ್ರೋಟೀನಿನ ನೊರೆ ಹಾಲಿನಂತೆ ಉಕ್ಕುತ್ತದೆ. 35ರಿಂದ 38 ಲೀಟರಿನದು ಬೇಕು. ಅಲ್ಯುಮಿನಿಯಂ ಅಗ್ಗ, ಬೇಗ ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲು ತಿಕ್ಕಿ ತೊಳೆಯಲು ಸುಲಭ, ಬಾಳಿಕೆ ಹೆಚ್ಚು. ತಳದ ಬಳಿ ನಲ್ಲಿ ಇದ್ದರೆ ಕುದಿಯುವ ರಸವನ್ನು ಎತ್ತಿ ಬಗ್ಗಿಸುವ ಅಪಾಯವಿಲ್ಲ.

ತುಂಬಿದ ಪಾತ್ರೆಯ ತೂಕ 30 ಕಿಲೋಗ್ರಾಂ ದಾಟುತ್ತದೆ. ಒಲೆಯ ಕಾಲುಗಳು ಅಗಲವಾಗಿ ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಬೇಕು. ಮರದ ಜಗಲಿ ಸಲ್ಲದು. ಅಧಿಕ ಒತ್ತಡದ ಬರ್ನರಿಗೆ ಅದಕ್ಕೆಂದೇ ಮಾಡಿದ ರೆಗ್ಯುಲೇಟರನ್ನೇ ಹಾಕಬೇಕು. ಕೊಳವೆಯ ಕೀಲುಗಳಿಗೆ ಸಾಬೂನಿನ ನೀರು ಸವರಿ, ಗುಳ್ಳೆ ಎದ್ದರೆ ಅನಿಲ ಸೋರುತ್ತಿದೆಯೆಂದು ತಿಳಿಯಬೇಕು. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಹಿಡಿದರೆ ಗಾಳಿ ಸಾಲದೆಂದರ್ಥ; ಗಾಳಿಯ ಕಿಂಡಿಯನ್ನು ಹಿಗ್ಗಿಸಬೇಕು. ಬೀಸುಗಾಳಿಗೆ ಮರೆ ಕಟ್ಟಬಹುದು, ಆದರೆ ಸಿಲಿಂಡರು ಆ ಮರೆಯ ಹೊರಗಿರಲಿ.

ಎಲ್ಲಕ್ಕಿಂತ ಮುಖ್ಯವಾದ ನಿಯಮ: ಇಂಥ ಬರ್ನರನ್ನು ಮನೆಯೊಳಗಾಗಲಿ, ಕಾರಿನ ಷೆಡ್ಡಿನಲ್ಲಾಗಲಿ ಹೊತ್ತಿಸಲೇಬಾರದು. ಉರಿಗೆ ಗಾಳಿ ಸಾಲದಾದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಎನ್ನುವಷ್ಟರಲ್ಲಿ ಪ್ರಾಣಕ್ಕೇ ಬರುತ್ತದೆ. ಸೋರಿದ ಪ್ರೊಪೇನು ಗಾಳಿಗಿಂತ ಒಂದೂವರೆ ಪಾಲು ಭಾರ; ನೆಲದ ಮೇಲೆ ಹರಡಿ ಕಿಡಿಗಾಗಿ ಕಾದಿರುತ್ತದೆ. ಕಿಟಕಿ ತೆರೆದಿದೆ ಎಂಬ ಸಮಾಧಾನ ಸಾಲದು.

ಹಾಗಾದರೆ ಹಿತ್ತಲಿಲ್ಲದೆ ಫ್ಲಾಟಿನಲ್ಲಿ ವಾಸಿಸುವವನು ಮಾಡಬೇಕಾದುದೇನು? ಉರಿಯನ್ನು ಹಿಗ್ಗಿಸುವ ಬದಲು ಅಳತೆಯನ್ನು ಕುಗ್ಗಿಸುವುದು. 5 ಲೀಟರಿಗೆ ಬೇಕಾದುದು 400 ಕಿಲೋಕ್ಯಾಲರಿ. ಅಡಿಗೆಮನೆಯ ಒಲೆಯೇ ಅದನ್ನು ಇಪ್ಪತ್ತನಾಲ್ಕು ನಿಮಿಷದಲ್ಲಿ ಕೊಡುತ್ತದೆ. ಜಾಗವನ್ನು ನೋಡಿ ಉರಿ, ಉರಿಯನ್ನು ನೋಡಿ ಪಾತ್ರೆ: ಒಲೆಯನ್ನು ಆರಿಸುವ ಕ್ರಮ ಇದು. ಪಾತ್ರೆಯನ್ನು ಮೊದಲು ಕೊಂಡು ಆಮೇಲೆ ಒಲೆಯನ್ನು ಹುಡುಕುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಅಭ್ಯಾಸ

ರಾಜ್ಯೋತ್ಸವದ ಊಟಕ್ಕೆ ಸಾರು ಮಾಡಲು 40 ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಗೆ ತರಬೇಕಾಗಿದೆ. ಗಂಟೆಗೆ 10,000 ಕಿಲೋಕ್ಯಾಲರಿಯ ಬರ್ನರಿನಿಂದ ಅರ್ಧದಷ್ಟು ಉಷ್ಣ ಮಾತ್ರ ಪಾತ್ರೆಗೆ ಸೇರುತ್ತದೆ. ಎಷ್ಟು ಹೊತ್ತು ಬೇಕು? (ಉತ್ತರ: 36 ನಿಮಿಷ.) ಲೆಕ್ಕ ಮಾಡಿದ ಮೇಲೆ ಆ ಒಲೆ ಸಭಾಗೃಹದ ಒಳಗಿರಬೇಕೆ, ಹೊರಗಿರಬೇಕೆ ಎಂಬ ಎರಡನೆಯ ಪ್ರಶ್ನೆಗೂ ವಾಚಕರು ತಾವೇ ಉತ್ತರ ಹೇಳಿಕೊಳ್ಳಬೇಕೆಂದು ಕೋರುತ್ತೇವೆ.